ಇಲಿ ತಿಂದ ಮುನ್ನೂರು ಖಂಡುಗ

ಇದನ್ನು ಸುಳ್ಳು ಅನ್ನುವ ಗಂಡಸು ಇದ್ದರೆ ಈಗಲೇ ಎದ್ದು ನಿಲ್ಲಲಿ. ಇಲ್ಲವೇ ಬಾಯಿ ಮುಚ್ಚಿಕೊಂಡು ಕೇಳಲಿ. ನಮ್ಮ ಹುಣಸೇಕಟ್ಟೆಯಂಥ ಊರು ಏಳು ಸೀಮೆಯಲ್ಲಿಲ್ಲ. ಅಲ್ಲಿನ ಹಾಲಪ್ಪನಂಥ ಲೆಕ್ಕಗಾರ ಹಿಂದೆ ಹುಟ್ಟಿರಲಿಲ್ಲ. ಮುಂದೆ ಹುಟ್ಟಿದರೂ ನಮ್ಮೂರಲ್ಲೇ ಹುಟ್ಟಬೇಕು.

ಮಾಗಣಿಪುರದ ದೊರೆ ಸರ್ಜಪ್ಪ ನಾಯಕ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳ್ರಿ! ರಾಜ್ಯದ ಲೆಕ್ಕ ತನಿಖೆ ಮಾಡಲು ಒಬ್ಬ ಬೇಕು. ದೊರೆಯ ಮೂರು ಒಗಟು ಬಿಡಿಸಿದವನಿಗೆ ತನಿಖೆಯ ಮುದ್ರೆ! ಉತ್ತರ ತಪ್ಪಿದವನ ತಲೆ ಹೊತ್ತು ಮುಳುಗುವಾಗ ನೆಲಕ್ಕೆ!"

ಆ ಮುದ್ರೆ ಇಲ್ಲದವನು ಎಷ್ಟೇ ಓದಿರಲಿ, ಇನ್ನೊಬ್ಬರ ಲೆಕ್ಕ ಮುಟ್ಟುವಂತಿರಲಿಲ್ಲ. ಹಾಲಪ್ಪ ಏಳು ವರ್ಷ ಓದಿದ್ದ. ಅವನವ್ವ ದ್ಯಾವವ್ವ ಕಡತ ಮಾಡುವವಳು. ಹುಣಸೇಬೀಜದ ಅಂಟಿಗೆ ಇದ್ದಲಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ ಮಡಿಸಿದರೆ ಬಳಪದಲ್ಲಿ ಬರೆಯುವ ಲೆಕ್ಕದ ಪುಸ್ತಕ ತಯಾರು. ಮಠದ ಅಯ್ಯನೋರಿಗೆ ಕಾಸಿನ ಬದಲು ಕಡತ ಕೊಟ್ಟು ಮಗನನ್ನು ಓದಿಸಿದ್ದಳು. ಅರೆ-ಮುಕ್ಕಾಲಿನ ಮಗ್ಗಿಯಿಂದ ಹಿಡಿದು ಲೆಕ್ಕ ಬರೆಯುವ ಕರಣಿಕರ ಕಟ್ಟಳೆಯವರೆಗೆ ಎಲ್ಲ ಅವನ ನಾಲಗೆಯ ಮೇಲಿತ್ತು. ಕಡತದಲ್ಲಿ ಬರೆದ ಮಡಿಕೆಗೆ ಮತ್ತೆ ಅಂಟು ಬಳಿದು ಹಳೆಯ ಬರಹ ಮುಚ್ಚಬಾರದು ಅನ್ನುವುದು ಆ ಕಟ್ಟಳೆಗಳಲ್ಲಿ ದೊಡ್ಡದು.

"ಬ್ಯಾಡ ಕಣೋ ಮಗ. ತಲೆ ಇದ್ರೆ ಅಂಟು ಕಾಯಿಸಿಯಾದ್ರೂ ಬದುಕಬೌದು."

"ಏಳು ವರ್ಷ ಓದಿದ್ದು ಅಂಟು ಕಾಯಿಸೋಕಾ ಅವ್ವಾ?" ಅಂದು ಹೊರಟ.

ಅರಮನೆಯಲ್ಲಿ ಸಾಲಾಗಿ ಕೂತವರು ಮೂವರೇ. ಒಬ್ಬ ಜರಿಪೇಟದವನು, ಒಬ್ಬ ಕಾಶಿಯಲ್ಲಿ ಓದಿದ ಪಂಡಿತ, ಕೊನೆಗೆ ಹಾಲಪ್ಪ. ದೊರೆಯ ಪಕ್ಕದಲ್ಲಿ ಹಿರಿಯ ಕರಣಿಕ ತಿಪ್ಪರಸ. ಹಾಲಪ್ಪನ ಅಂಗೈಯ ಮಸಿ ನೋಡಿ, "ಒಲೆ ಊದೋದು ಬಿಟ್ಟು ಬಂದೆಯೇನೋ?" ಅಂದ.

ದೊರೆ ಕೇಳಿದ: "ಅದು ಒಂದೇ ಮನೆಯಲ್ಲಿದ್ದರೆ ಯಾರೂ ನಂಬಬಾರದು. ಎರಡು ಮನೆಯಲ್ಲೂ ಒಂದೇ ಥರ ಇದ್ದರೆ ನಂಬಬೇಕು. ಏನದು?"

"ಮದುವೆ ಮಾತು ಮಹಾಸ್ವಾಮಿ!" ಜರಿಪೇಟದವನು ಹಾರಿ ಎದ್ದ. "ಹೆಣ್ಣಿನ ಮನೆ, ಗಂಡಿನ ಮನೆ!"

"ಕಟ್ಟಿ ಇವನನ್ನು."

ಪೇಟ ಉರುಳಿ ಹಾಲಪ್ಪನ ಕಾಲ ಬಳಿ ಬಿತ್ತು.  ಅವನು ಅದನ್ನು ಬದಿಗಿಟ್ಟು ಎದ್ದ. "ಲೆಕ್ಕ, ಬುದ್ಧಿ. ಕೊಟ್ಟವನ ಕಡತದಲ್ಲೂ ತಗೊಂಡವನ ಕಡತದಲ್ಲೂ ಇದ್ದರೇನೇ ಅದು ನಿಜ."

ದೊರೆ ತಲೆದೂಗಿದ. "ಎರಡನೆಯದು. ಹುಡುಕಲು ಹೋದವನು ಬರಿಗೈಲಿ ಬಂದರೆ ಊರೆಲ್ಲ ನಗುತ್ತದೆ. ಕೈತುಂಬ ತಂದರೆ ಒಂದು ಮನೆ ಅಳುತ್ತದೆ. ಯಾರವನು?"

ಪಂಡಿತ ನಿಧಾನವಾಗಿ ಹೇಳಿದ: "ಬೇಟೆಗಾರ. ಅಳುವುದು ಜಿಂಕೆಯ ಮನೆ."

"ಚೆನ್ನಾಗಿದೆ, ಆದರೆ ತಪ್ಪು. ಬೇಟೆ ಸಿಗದ ದಿನ ಬೇಟೆಗಾರನ ಮಕ್ಕಳು ನಗುತ್ತವೆಯೇ?"

ಪಂಡಿತನ ಕೈಗೂ ಹಗ್ಗ ಬಿತ್ತು. 

"ಲೆಕ್ಕ ತನಿಖೆ ಮಾಡೋನು ಬುದ್ಧಿ," ಅಂದ ಹಾಲಪ್ಪ. "ತಪ್ಪು ಸಿಗದಿದ್ದರೆ ಎಲ್ಲರಿಗೂ ನೆಮ್ಮದಿ. ಸಿಕ್ಕರೆ ಕದ್ದವನ ಮನೆ ಅಳುತ್ತೆ."

ಆಗ ದೊರೆ ಅರಮನೆ ಲೆಕ್ಕದ ಒಂದು ಹಳೆಯ ಕಡತ ತೆಗೆದ. "ನಿನ್ನೆ ಉಗ್ರಾಣದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ಇದರಲ್ಲಿ ನಾನೇ ಒಂದು ಸುಳ್ಳು ಬರೆದಿದ್ದೇನೆ. ಕೂಡಿದರೂ ಸಿಗದು, ಕಳೆದರೂ ಸಿಗದು. ಎಲ್ಲಿದೆ?"

ಅದನ್ನು ನೋಡಿದ್ದೇ ತಿಪ್ಪರಸನ ಕೈಯಿಂದ ಎಲೆಅಡಿಕೆ ಜಾರಿತು.

ಹಾಲಪ್ಪ ಓದಲೇ ಇಲ್ಲ. ಕಣ್ಣು ಮುಚ್ಚಿ, ಒಂದೊಂದೇ ಮಡಿಕೆಯ ಮೇಲೆ ಬೆರಳಾಡಿಸಿದ. ಮೂಸಿದ. ಮತ್ತೆ ಮೊದಲಿನಿಂದ ಬೆರಳಾಡಿಸಿದ.

"ಬುದ್ಧಿ, ಸುಳ್ಳು ಎರಡಿವೆ."

"ನಾನು ಬರೆದದ್ದು ಒಂದೇ!"

"ಐದನೇ ಮಡಿಕೆ ತಮ್ಮದು. ನಿನ್ನೆ ಮೇಲೆ ಬಳಿಸಿದ ಅಂಟಿನ ವಾಸನೆ ಇನ್ನೂ ಹೋಗಿಲ್ಲ. ಒಂಬತ್ತನೆಯದು ಯಾರದೋ ಗೊತ್ತಿಲ್ಲ. ಈ ಕಡತ ನಮ್ಮವ್ವ ಮಾಡಿದ್ದು. ಅವಳು ಕರಟದ ಇದ್ದಲು ಹಾಕೋದು, ನುಣ್ಣಗಿರುತ್ತೆ. ಒಂಬತ್ತನೆಯದಕ್ಕೆ ಯಾರೋ ಆಮೇಲೆ ಸೌದೆ ಇದ್ದಲು ಬಳಿದಿದ್ದಾರೆ, ಬೆರಳಿಗೆ ತರಿತರಿ ಹತ್ತುತ್ತೆ."

"ಐದನೆಯದು ನನ್ನದೇ, ನಿಜ," ಅಂದು ದೊರೆ ಕಡತ ಕಿತ್ತುಕೊಂಡು ಒಂಬತ್ತನೆಯದನ್ನು ಓದಿದ. "ಕಣಜದ ಭತ್ತ ಮುನ್ನೂರು ಖಂಡುಗ ಇಲಿ ತಿಂದು ನಷ್ಟ."

"ಒಂದೇ ಮನೆಯ ಮಾತು ನಂಬಬಾರದಲ್ವಾ ಬುದ್ಧಿ? ಕಣಜದವನ ಕಡತ ತರಿಸಿ."

"ಅಂಟು ಕಾಯಿಸೋನ ಮಾತು ಕೇಳಬೇಡಿ ಪ್ರಭು," ತಿಪ್ಪರಸ ತೊದಲಿದ. "ತಲೆ ತೆಗೆಸಿ!"

ಕಡತ ಬಂತು. ಅದೇ ವರ್ಷ, ಅದೇ ತಿಂಗಳು. ಕಣಜದವನು ಪಾಪ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದ. ದೊರೆಯ ಓದು ನಡುವೆಯೇ ನಿಂತಿತು. "ಮುನ್ನೂರು ಖಂಡುಗ... ಹಿರಿಯ ಕರಣಿಕರ ಮನೆಗೆ... ಐವತ್ತು ಬಂಡಿ."

 ಜರಿಪೇಟದವನು ಅಳುವುದನ್ನೂ ಮರೆತ. ದೊರೆ ತಿಪ್ಪರಸನ ಕಡೆ ಹೊರಳಿದ. ದನಿ ಏರಿಸದೆ ಕೇಳಿದ. "ಉತ್ತರ ತಪ್ಪಿದರೆ ತಲೆ ತೆಗೆಸಿ ಅಂತ ನನಗೆ ಹೇಳಿಕೊಟ್ಟವನು ನೀನು. ನಿನ್ನ ಲೆಕ್ಕ ನೋಡಲು ಯಾರೂ ಬರಬಾರದು ಅಂತಲೇ ಅಲ್ಲವೇ? ನಿನ್ನ ಮಾತು ಕೇಳಿ ಇವತ್ತು ಇಬ್ಬರನ್ನು ಕೊಲ್ಲಿಸುತ್ತಿದ್ದೆನಲ್ಲೋ!"

 ಇಬ್ಬರ ಹಗ್ಗ ಬಿಚ್ಚಿಸಿದರು. ಅದರಲ್ಲಿ ಒಂದು ತಿಪ್ಪರಸನಿಗೇ ಆಯಿತು. ಅಂದು ಮಾಗಣಿಪುರದಲ್ಲಿ ಅತ್ತದ್ದು ಒಂದೇ ಮನೆ.

"ಕೇಳು ಹಾಲಪ್ಪ," ಅಂದ ದೊರೆ. "ಹತ್ತು ಹಳ್ಳಿ ಕೊಡಲಾ? ಮಗಳನ್ನು ಕೊಡಲಾ?"

"ಡಂಗುರದಲ್ಲಿ ಹೇಳಿದ್ದಷ್ಟು ಸಾಕು ಬುದ್ಧಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ಯಾಕೆ ಕೊಟ್ಟಿರಿ ಅಂತ ನಾಳೆ ನಾನೇ ತಮ್ಮನ್ನ ಕೇಳಬೇಕಾಗುತ್ತೆ."

ಸಭೆ ಬೆಚ್ಚಿ ದೊರೆಯ ಮುಖ ನೋಡಿತು. ದೊರೆ ನಕ್ಕ.

ಹಾಲಪ್ಪನಿಗೆ ಕೊಟ್ಟದ್ದು ಅಂಗೈಯಗಲದ ಒಂದು ಹಿತ್ತಾಳೆ ಮುದ್ರೆ.