ಮುತ್ತಿನ ದ್ವೀಪಕ್ಕೆ ಹೊರಟ ಲಂಗರು

ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಿದ್ದ ಹಾಯಿದೋಣಿಯೊಂದರ ಲಂಗರಿಗೆ ತಲೆ ಕೆಟ್ಟುಹೋಗಿತ್ತು. ಹೊರಟಿದ್ದು ಮುತ್ತಿನ ದ್ವೀಪಕ್ಕೆ. ಗಾಳಿ ಎದುರಾಯಿತೆಂದು ದೋಣಿಯವನು ತೆಂಗಿನ ದ್ವೀಪದತ್ತ ತಿರುಗಿದ. ಮೋಡ ಕಟ್ಟಿತೆಂದು ಅದನ್ನೂ ಕೈಬಿಟ್ಟು, ಹೆಸರೇ ಇಲ್ಲದ ನಡುಗಡ್ಡೆಯೊಂದರ ಮರೆಯಲ್ಲಿ ಲಂಗರನ್ನು ನೀರಿಗಿಳಿಸಿದ.

ಬೆಳಗ್ಗೆ ಹಾಯಿ ಮೇಲಿನಿಂದ ಕೂಗಿತು: “ಲಂಗರಣ್ಣಾ, ಬೇಗ ಏಳು. ಗಾಳಿ ತಿರುಗಿದೆ, ಇಲ್ಲಿಗೇ ಅಲೆ ನುಗ್ಗುತ್ತಿದೆ. ದಕ್ಷಿಣದ ಕೊಲ್ಲಿಗೆ ಹೋಗಬೇಕಂತೆ.”

“ದಕ್ಷಿಣಕ್ಕೆ ಯಾಕೆ ತಂಗಿ? ನಾವು ಹೊರಟಿದ್ದು ಮುತ್ತಿನ ದ್ವೀಪಕ್ಕಲ್ಲವೆ?”

“ಹೌದು. ಆದರೆ ಆ ಕಡೆ ಈಗ ಬಿರುಗಾಳಿ.”

“ಹೊರಡುವಾಗ ಇರಲಿಲ್ಲವಲ್ಲ!”

“ಆಗಿನ ಗಾಳಿಯಲ್ಲಿ ಈಗ ಹೇಗಣ್ಣಾ ಹೋಗುವುದು?”

ಲಂಗರಿಗೆ ತಲೆಬುಡ ಅರ್ಥವಾಗಲಿಲ್ಲ. ಅದಿದ್ದ ನೀರಿನಡಿಯಲ್ಲಿ ಗಾಳಿಯೂ ಇರಲಿಲ್ಲ, ಮೋಡವೂ ಇರಲಿಲ್ಲ. ಹೊರಡುವಾಗ ಆಡಿದ ಮಾತಿಗೆ ತಾನಾದರೂ ನಿಲ್ಲಬೇಕೆಂದುಕೊಂಡು ಅದು ಹವಳದ ಬಂಡೆಯನ್ನು ಕಚ್ಚಿ ಹಿಡಿಯಿತು. ದೋಣಿಯವನು ಎಳೆದ, ಜಗ್ಗಿದ, ಬೈದ. ಅಲೆ ದೋಣಿಯೊಳಕ್ಕೇ ನುಗ್ಗತೊಡಗಿದಾಗ ಬೇರೆ ದಾರಿ ಕಾಣದೆ ಹಗ್ಗ ಕಡಿದ. ಹಾಯಿ ಬಿಚ್ಚಿಕೊಂಡು ದೋಣಿ ದಕ್ಷಿಣಕ್ಕೆ ಹೊರಟುಹೋಯಿತು.

ಅತ್ತ ಬಂದ ಮೀನೊಂದು ಲಂಗರನ್ನು ಸುತ್ತಿ ನೋಡಿ ಕೇಳಿತು: “ನೀನು ಬರಬೇಕೆಂದಿದ್ದ ಜಾಗ ಇದೇ ಏನಯ್ಯಾ?”

“ಅಲ್ಲಪ್ಪ, ನಾನು ಹೊರಟಿದ್ದು ಮುತ್ತಿನ ದ್ವೀಪಕ್ಕೆ” ಎಂದಿತು ಲಂಗರು. “ಎಲ್ಲರೂ ಮಾತು ಬದಲಿಸಿದರು, ನಾನು ಬದಲಿಸಲಿಲ್ಲ. ಅದಕ್ಕೇ ಇಲ್ಲಿದ್ದೇನೆ.”