ಬೋರಯ್ಯನ ಟೆಂಪೋ ಮತ್ತು ಬಿಳಿ ಜೇಡಿಮಣ್ಣು

ಒಂದು ಕಾಡಿನಲ್ಲಿ ಒಂದು ಹಳೇ ಟೆಂಪೋ ಇತ್ತು. ಮನುಷ್ಯರು ಯಾವುದೋ ಕಾಲದಲ್ಲಿ ಬಿಟ್ಟುಹೋಗಿದ್ದ ಅದನ್ನು ಬೋರಯ್ಯನೆಂಬ ಕರಡಿ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ತಗ್ಗಿನ ಬಿಲಗಳಿಗೆಲ್ಲ ನೀರು ನುಗ್ಗುತ್ತಿತ್ತು. ಆಗ ನಡೆಯಲಾರದ ಮುದುಕರನ್ನೂ ಕಣ್ಣು ಬಿಡದ ಮರಿಗಳನ್ನೂ ಕೂರಿಸಿಕೊಂಡು ಗುಡ್ಡ ಹತ್ತಿಸುವುದು ಅವನ ಕೆಲಸ.

ಅವನಿಗೊಂದು ಅಭ್ಯಾಸವಿತ್ತು. ದಿನಾ ಬೆಳಿಗ್ಗೆ ಟೆಂಪೋ ಸ್ಟಾರ್ಟ್ ಮಾಡಿ, ಇಳಿದು ಹಿಂದೆ ಹೋಗಿ, ಬಗ್ಗಿ, ಸೈಲೆನ್ಸರ್ ಕೊಳವೆಯ ಬಾಯಿಗೆ ಅಂಗೈ ಹಿಡಿಯುತ್ತಿದ್ದ. ಹೊಗೆ ಬುಸುಬುಸು ಬಂದರೆ ಸರಿ. ಬರದಿದ್ದರೆ ಒಳಗೆ ಎಲೆಯೋ ಕಡಜದ ಗೂಡೋ ಸೇರಿಕೊಂಡಿದೆ ಎಂದರ್ಥ. ಆಗ ಇಂಜಿನ್ ಆರಿಸಿ, ಮುಳ್ಳಿರುವ ಬೆತ್ತದ ಬಳ್ಳಿಯನ್ನು ಒಳಗೆ ತೂರಿಸಿ, ತಿರುಗಿಸಿ ಎಳೆಯುತ್ತಿದ್ದ. ಬಳ್ಳಿಯ ಕೊಕ್ಕೆಮುಳ್ಳಿಗೆ ಸಿಕ್ಕಿ ಕಸವೆಲ್ಲ ಹೊರಬರುತ್ತಿತ್ತು.

ಕೆಂಚಪ್ಪನೆಂಬ ನರಿಗೆ ಆ ಟೆಂಪೋದ ಮೇಲೆ ಕಣ್ಣು ಬಿತ್ತು. ಅವನ ಬಿಲ ಹೊಳೆಯ ದಂಡೆಯಲ್ಲೇ ಇತ್ತು. ಮಳೆಗಾಲ ಪೂರ್ತಿ ಟೆಂಪೋದೊಳಗೆ ಬೆಚ್ಚಗೆ ಮಲಗಬೇಕೆಂದು ಅವನಿಗೆ ಆಸೆ. ಆದರೆ ಗಾಡಿ ಕೆಟ್ಟು ನಿಂತರೆ ತಾನೇ ಅದು ಮನೆಯಾಗುವುದು?

ಒಂದು ಬೆಳಿಗ್ಗೆ ಬಂದವನೇ ಬಗ್ಗಿದ್ದ ಬೋರಯ್ಯನನ್ನು ನೋಡಿ ಲೊಚಗುಟ್ಟಿದ.

“ಏನ್ ಬೋರಣ್ಣ, ಇಡೀ ಕಾಡಿಗೆ ಒಬ್ಬನೇ ಡ್ರೈವರ್ ನೀನು. ಗಾಡಿ ಹಿಂದೆ ಹಿಂಗೆ ಬಗ್ಗಿದ್ರೆ ನೋಡ್ದೋರು ಏನಂತಾರೆ?”

“ಹೊಗೆ ಸರಿಯಾಗಿ ಬರ್ತದಾ ಅಂತ ನೋಡ್ತಿದೀನಪ್ಪ.”

“ನಿನ್ನ ಕೈಗುಣಕ್ಕೆ ಗಾಡಿ ಕೆಡೋದುಂಟಾ? ಸೀಟಲ್ಲಿ ಕೂತ್ಕೋ. ನಿನಗೆ ಅದೇ ಲಕ್ಷಣ.”

ಬೋರಯ್ಯ ಉಬ್ಬಿಹೋದ. ಅಷ್ಟು ದೊಡ್ಡ ದೇಹವನ್ನು ಬೀಳಿಸಲು ಅಷ್ಟು ಸಣ್ಣ ಮಾತು ಸಾಕಾಯಿತು. ಮಾರನೆಯ ದಿನದಿಂದ ಅವನು ಬಗ್ಗಲಿಲ್ಲ.

ನರಿ ತಡಮಾಡಲಿಲ್ಲ. ಒಂದು ಮಧ್ಯಾಹ್ನ ಬೋರಯ್ಯ ಜೇನು ಹುಡುಕಿಕೊಂಡು ಹೋದದ್ದೇ ತಡ, ಕೊಳವೆಯೊಳಗೆ ತಾನು ತಿಂದುಳಿಸಿದ ಏಡಿಚಿಪ್ಪು ತುರುಕಿದ. ತಾನು ತಿಂದುಳಿಸಿದ ಏಡಿಚಿಪ್ಪು ತುರುಕಿದ. ಗಟ್ಟಿಯಾಗಿ ಮೆತ್ತಲು ಮಣ್ಣು ಬೇಕಿತ್ತು. ದೂರ ಹೋಗಲು ಸೋಮಾರಿತನ. ತನ್ನ ಬಿಲಕ್ಕೆ ನೀರು ಬರದಂತೆ ತಡೆಯುತ್ತಿದ್ದ ಕಟ್ಟೆಯಿಂದಲೇ ಬಿಳಿ ಜೇಡಿಮಣ್ಣನ್ನು ಬೊಗಸೆ ಬೊಗಸೆ ಕೆರೆದು ತಂದು ಮೆತ್ತಿದ.

ಮರುದಿನವೇ ಜೋರು ಮಳೆ ಬಂದು ಹೊಳೆ ಉಕ್ಕಿತು. ಮೊಣಕಾಲು ಸೋತಿದ್ದ ಮುಳ್ಳುಹಂದಿ ಗಂಗಜ್ಜಿ ಬಂದು ಟೆಂಪೋ ಹತ್ತಿದಳು. ಬಾಣಂತಿ ಮೊಲವೊಂದು ನಾಲ್ಕು ಮರಿಗಳನ್ನು ಅವುಚಿಕೊಂಡು ಹತ್ತಿತು. ಬೋರಯ್ಯ ಕೀಲಿ ತಿರುಗಿಸಿದ. ಟೆಂಪೋ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮತ್ತೆ ತಿರುಗಿಸಿದ. ಮತ್ತೆ ಕೆಮ್ಮಿ ನಿಂತಿತು.

“ಇಂಜಿನ್ ಪ್ರಾಣ ಹೋಯ್ತು ಬೋರಣ್ಣ,” ಎಂದ ನರಿ, ಅಲ್ಲೇ ಕಾದಿದ್ದವನು. “ಇನ್ನು ಇದು ಗುಜರಿ. ನನಗೆ ಬಿಟ್ಬಿಡು, ನಾನು ನೋಡ್ಕೋತೀನಿ. ಇವರೆಲ್ಲ ನಡ್ಕೊಂಡು ಹೋಗ್ಲಿ.”

ನೀರು ಚಕ್ರಕ್ಕೆ ತಾಗಿತ್ತು. ಬೋರಯ್ಯ ಕಣ್ಣು ಬಿಡದ ಮರಿಗಳನ್ನು ನೋಡಿದ. ಇವು ನಡೆಯುವುದೆಲ್ಲಿ ಬಂತು?

“ಬೋರಾ, ಹಿಂದೆ ಕೈ ಹಿಡಿದು ನೋಡ್ದ್ಯಾ?” ಎಂದು ಗಂಗಜ್ಜಿ ಕೇಳಿದಳು.

“ಇಲ್ಲಜ್ಜಿ. ನಾಚಿಕೆ ಅಂತ ಬಿಟ್ಬಿಟ್ಟೆ.”

“ನಾಚಿಕೆ ಆಮೇಲೆ ಪಡು. ಈಗ ಬಗ್ಗು.”

ಬೋರಯ್ಯ ಓಡಿಹೋಗಿ ಕೆಸರಿನಲ್ಲೇ ಮಂಡಿಯೂರಿದ. ಕೊಳವೆಯ ಬಾಯಿ ಕಟ್ಟಿಹೋಗಿತ್ತು. ಬೆತ್ತದ ಬಳ್ಳಿ ತೂರಿಸಿದ, ತಿರುಗಿಸಿದ, ಎಳೆದ. ಬಿಳಿ ಜೇಡಿ ಬಂತು. ಎಲೆ ಬಂತು. ಕೊನೆಗೆ ಏಡಿಚಿಪ್ಪು ಬಂತು.

“ಕಡಜ ಗೂಡು ಕಟ್ಟಿರಬೇಕು,” ಎಂದ ನರಿ.

“ಕಡಜ ಏಡಿ ತಿನ್ತದಾ ಕೆಂಚಪ್ಪ?” ಎಂದಳು ಗಂಗಜ್ಜಿ. “ಬಿಳಿ ಜೇಡಿ ಇರೋದು ನಿನ್ನ ಬಿಲದ ಹತ್ರ ಮಾತ್ರ.”

ನರಿ ಬಿಲದ ಕಡೆ ಓಟ ಕಿತ್ತ. ಬೋರಯ್ಯ ಮತ್ತೆ ಕೀಲಿ ತಿರುಗಿಸಿದ. ಒಳಗೆ ಉಳಿದಿದ್ದ ಕಸ ಫಟ್ಟನೆ ಹಾರಿ ಟೆಂಪೋ ಗುಡುಗಿತು. ಆದರೂ ಅವನು ಇಳಿದುಹೋಗಿ ಅಂಗೈ ಹಿಡಿದು ನೋಡಿದ. ಬಿಸಿ ಹೊಗೆ ಬುಸುಬುಸು ಬಡಿಯಿತು. ಅವನಿಗೆ ಅಳುವೇ ಬಂತು.

ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ಕೆರೆದು ತೆಳ್ಳಗಾಗಿದ್ದ ಕಟ್ಟೆ ಒಡೆದು ನರಿಯ ಬಿಲ ಮುಳುಗಿತ್ತು. ಒದ್ದೆಮುದ್ದೆಯಾದ ಅವನು ತಾನು ತಡೆಯಲು ಹೋಗಿದ್ದ ಹೊಗೆಯನ್ನೇ ಕುಡಿಯುತ್ತ, ಕೆಮ್ಮುತ್ತ, ಟೆಂಪೋದ ಹಿಂದೆ ಗುಡ್ಡದ ತುದಿಯವರೆಗೂ ಓಡಿಬಂದ.

ಆ ಮಳೆಗಾಲ ಪೂರ್ತಿ ಟೆಂಪೋದೊಳಗೆ ಮೊಲದ ಮರಿಗಳು ಬೆಚ್ಚಗೆ ಮಲಗಿದವು. ನರಿಗೆ ಸಿಕ್ಕಿದ್ದು ಟೆಂಪೋದ ಅಡಿ, ಸೈಲೆನ್ಸರಿನ ಪಕ್ಕದ ಜಾಗ. ದಿನಾ ಬೆಳಿಗ್ಗೆ ಬೋರಯ್ಯ ಬಗ್ಗಿದಾಗ ಇಬ್ಬರೂ ಮುಖಾಮುಖಿಯಾಗುತ್ತಿದ್ದರು. ನರಿ ಮುಖ ತಿರುಗಿಸುತ್ತಿದ್ದ. ಬೋರಯ್ಯ ಹೊಗೆಗೆ ಅಂಗೈ ಹಿಡಿದು ನೋಡಿಯೇ ಮೇಲೇಳುತ್ತಿದ್ದ.

ನೀತಿ: ಯಾರದೋ ಹೊಗಳಿಕೆಗೆ ಮರುಳಾಗಿ ದಿನದ ಸಣ್ಣ ಕೆಲಸವನ್ನು ಬಿಡಬಾರದು, ಇನ್ನೊಬ್ಬರಿಗೆ ಕೇಡು ಮಾಡಲು ಹೊರಟವನು ಮೊದಲು ತನ್ನ ಮನೆಯನ್ನೇ ಕೆಡಿಸಿಕೊಳ್ಳುತ್ತಾನೆ.