ಎರವಲು ಕೊಟ್ಟ ಗುರುತು

“ಕದ್ದವರು ಸಿಕ್ಕಿಲ್ಲ, ಬುದ್ಧಿ. ಕದ್ದ ದುಡ್ಡು ಹಾದುಹೋಗಲಿ ಎಂದು ತನ್ನ ಬ್ಯಾಂಕಿನ ಖಾತೆ ಕೊಟ್ಟವನು ಸಿಕ್ಕಿದ್ದಾನೆ. ಇವನಿಗೆ ಎಷ್ಟು ಶಿಕ್ಷೆ ಕೊಟ್ಟರೆ ನ್ಯಾಯ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಇಂದುಧರ. ಮ್ಯಾಜಿಸ್ಟ್ರೇಟ್ ಆಗಿ ಆ ತಾಲೂಕಿಗೆ ಬಂದು ಎಂಟು ತಿಂಗಳಾಗಿತ್ತು. ಚಿಕ್ಕಂದಿನಲ್ಲಿ ಇದೇ ಮಠದಲ್ಲಿ ಉಂಡು, ಇದೇ ಗುರುಗಳ ಕೈಯಲ್ಲಿ ಬೈಸಿಕೊಂಡು ಓದಿದವನು. ಖಾತೆ ಕೊಟ್ಟವನ ಮೇಲಿನ ಆರೋಪ ರುಜುವಾಗಿ, ಅವನು ಅಪರಾಧಿ ಎಂದು ಹೇಳಿ ಆಗಿತ್ತು. ಶಿಕ್ಷೆ ಎಷ್ಟು ಎಂದು ಸೋಮವಾರ ಹೇಳಬೇಕು.

ಗುರುಗಳು ಅಡುಗೆಮನೆಯ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ನನ್ನ ಕೈಯಲ್ಲಿ ತೀರ್ಪು ಬರೆಸಿಕೊಂಡು ಹೋಗೋಣ ಅಂತ ಬಂದೆಯೋ? ಸರಕಾರ ಸಂಬಳ ಕೊಡುವುದು ನಿನಗಪ್ಪ, ನನಗಲ್ಲ” ಎಂದು ಒಂದು ಬುಟ್ಟಿಯನ್ನು ಅವನ ಕಡೆಗೂ ನೂಕಿದರು. “ಕೈಗೆ ಕೆಲಸ ಕೊಟ್ಟುಕೊಂಡು ಹೇಳು.”

ಇಂದುಧರ ಹೇಳಿದ. ಆ ಖಾತೆಯವನ ಹೆಸರು ಲೋಕಪ್ಪ. ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದಾನೆ. ಪರಿಚಯದವನೊಬ್ಬ ಬಂದು, ನಿನ್ನ ಖಾತೆ ಹೇಗೂ ಖಾಲಿ ಬಿದ್ದಿದೆ, ನಮ್ಮ ವ್ಯಾಪಾರದ ದುಡ್ಡು ಅದರಲ್ಲಿ ಬಂದು ಹೋಗಲಿ ಎಂದ. ಲೋಕಪ್ಪ ಪಾಸ್‌ಬುಕ್ಕು, ಕಾರ್ಡು, ಸಿಮ್ಮು ಮೂರನ್ನೂ ಕೊಟ್ಟ. ಐದು ಸಾವಿರ ತೆಗೆದುಕೊಂಡ. ದುಡ್ಡು ಬಂತು, ಹೋಯಿತು. ಯಾರೋ ದೂರದೂರಿನವರಿಗೆ ಫೋನು ಮಾಡಿ ಹೆದರಿಸಿ ಕಿತ್ತುಕೊಂಡ ದುಡ್ಡು ಅದು. ಪರಿಚಯದವನು ನಾಪತ್ತೆ. ಲೋಕಪ್ಪನ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ, ವಾರಕ್ಕೆ ಎರಡು ಸಲ ಆಸ್ಪತ್ರೆ. ಮಗಳು ಹತ್ತನೇ ತರಗತಿ, ಓದಿನಲ್ಲಿ ಚುರುಕು. ತಾಯಿ ಕಾಲದ ಗಾಡಿ, ಅದರ ಒಂದು ಚಕ್ರ ಮುರಿದಿದೆ. ಪ್ರೊಬೇಷನ್ ಅಧಿಕಾರಿಯ ವರದಿಯಲ್ಲಿ ಇಷ್ಟೂ ಇದೆ. ಸರಕಾರಿ ವಕೀಲರು, ಇಂಥವರಿಲ್ಲದಿದ್ದರೆ ಈ ಕಳ್ಳತನವೇ ನಡೆಯದು, ಊರಿಗೇ ಬುದ್ಧಿ ಬರುವ ಹಾಗೆ ಶಿಕ್ಷೆ ಕೊಡಿ ಎನ್ನುತ್ತಾರೆ. ಇವನ ಕಡೆಯ ವಕೀಲರು, ಎಚ್ಚರಿಕೆ ಹೇಳಿ ಬಿಟ್ಟುಬಿಡಿ ಎನ್ನುತ್ತಾರೆ.

“ಒಳಗೆ ಹಾಕಿದರೆ ಆ ಮನೆ ಮುಳುಗುತ್ತದೆ, ಬುದ್ಧಿ. ಬಿಟ್ಟರೆ ನಾಳೆ ಹತ್ತು ಜನ ಪಾಸ್‌ಬುಕ್ಕು ಹಿಡಿದು ಕಳ್ಳರ ಬಾಗಿಲಲ್ಲಿ ನಿಲ್ಲುತ್ತಾರೆ. ನನಗಂತೂ ದಿಕ್ಕೇ ತೋಚುತ್ತಿಲ್ಲ.”

ಗುರುಗಳು ಇನ್ನೊಂದು ಹಣ್ಣು ಕೈಗೆತ್ತಿಕೊಂಡರು. ಆಮೇಲೆ ಕತೆ ಶುರುಮಾಡಿದರು.

ಒಂದು ಹಟ್ಟಿಯಲ್ಲಿ ಒಬ್ಬ ಕುರಿಗಾಹಿ ಇದ್ದ. ಆ ಸೀಮೆಯ ಕುರಿಗಾಹಿಗಳಲ್ಲಿ ಒಂದು ಕಟ್ಟಳೆ ಇತ್ತು. ಒಂದೊಂದು ಮನೆಗೆ ಒಂದೊಂದು ಕಿವಿಗುರುತು. ಮರಿ ಹುಟ್ಟಿ ತಿಂಗಳಾಗುವುದರೊಳಗೆ ಅದರ ಕಿವಿಯನ್ನು ಚೂರಿಯಿಂದ ಕತ್ತರಿಸಿ ಮನೆಯ ಗುರುತು ಹಾಕಬೇಕು. ಒಬ್ಬರದು ಎಡಗಿವಿಗೆ ಒಂದು ಸೀಳು. ಇನ್ನೊಬ್ಬರದು ಬಲಗಿವಿಗೆ ಎರಡು ಕಚ್ಚು. ಈ ಕುರಿಗಾಹಿಯದು ಬಲಗಿವಿಯ ತುದಿಯನ್ನು ಓರೆಯಾಗಿ ತೆಗೆದೇಬಿಡುವ ಗುರುತು.

ಅವನ ತಾತ, ಅಪ್ಪ ಇಬ್ಬರೂ ಒಂದು ಸುಳ್ಳನ್ನೂ ಆಡಿದವರಲ್ಲ. ಹಾಗಾಗಿ ಆ ಗುರುತಿನ ಕುರಿ ಸಂತೆಗೆ ಬಂತೆಂದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಬೇರೆ ಸೀಮೆಯ ಗುರುತಿದ್ದ ಕುರಿಯನ್ನು ಮಾತ್ರ ಸಂತೆಯ ಬಾಗಿಲಲ್ಲೇ ತಡೆದು, ಎಲ್ಲಿಂದ ತಂದೆ, ಸಾಕ್ಷಿ ಯಾರು ಎಂದು ಕೇಳುತ್ತಿದ್ದರು.

ಒಂದು ವರ್ಷ ರೋಗ ಬಂದು ಕುರಿ ಕೂಡುವ ಅವನ ರೊಪ್ಪದಲ್ಲಿ ಅರ್ಧ ಮಂದೆ ಸತ್ತಿತು. ಆ ಹೊತ್ತಿಗೆ ಸರಿಯಾಗಿ ಒಬ್ಬ ವ್ಯಾಪಾರಿ ಮೂವತ್ತು ಕುರಿ ಹೊಡೆದುಕೊಂಡು ಬಂದ.

“ಅಣ್ಣಾ, ದೂರದಿಂದ ಕೊಂಡು ತಂದಿದ್ದೇನೆ. ಸಂತೆಯಲ್ಲಿ ನನ್ನನ್ನು ಯಾರು ನಂಬುತ್ತಾರೆ? ಇವಕ್ಕೆ ನಿನ್ನ ಗುರುತು ಹಾಕಿಕೊಡು. ಗಾಯ ಮಾಯುವ ತನಕ ನಿನ್ನ ರೊಪ್ಪದಲ್ಲೇ ಇರಲಿ. ಎರಡು ಕುರಿ ನಿನಗೆ. ಗುರುತು ಕೊಟ್ಟರೆ ನಿನ್ನ ಗಂಟೇನು ಹೋಗುತ್ತದೆ?”

ಹೌದಲ್ಲ, ನನ್ನ ಗಂಟೇನು ಹೋಗುತ್ತದೆ ಎಂದುಕೊಂಡ ಕುರಿಗಾಹಿ. ಮಳೆಯಲ್ಲಿ ನೆನೆಯುತ್ತಿರುವವನಿಗೆ ಕಂಬಳಿ ಕೊಟ್ಟ ಹಾಗೆ, ನಾಳೆ ನನ್ನದು ನನಗೇ ವಾಪಸು ಎಂದುಕೊಂಡ. ಚೂರಿ ಮಸೆದ. ಮೊದಲ ಕುರಿಯನ್ನು ಕಾಲ ಮಧ್ಯೆ ಹಿಡಿದು ಬಲಗಿವಿಯನ್ನು ಬೆರಳಿನಿಂದ ಅಗಲಿಸಿದ. ತುದಿಯಲ್ಲಿ ಒಂದು ಸಣ್ಣ ಕಚ್ಚು ಕಾಣಿಸಿತು. ಎರಡನೆಯದಕ್ಕೂ ಅದೇ ಕಚ್ಚು. ಮೂರನೆಯದಕ್ಕೂ ಅದೇ. ಯಾರದೋ ಮನೆಯ ಗುರುತು. ಇವನ ಚೂರಿ ಓರೆಯಾಗಿ ಬಿದ್ದರೆ ಆ ಕಚ್ಚು ಕಿವಿಯ ತುದಿಯ ಜೊತೆಗೇ ನೆಲಕ್ಕೆ ಬೀಳುತ್ತಿತ್ತು.

ಇದು ಯಾರದು ಎಂದು ಕೇಳಬಹುದಿತ್ತು. ಬಾಯಿ ತನಕ ಬಂದಿತ್ತು ಆ ಮಾತು. ಆದರೆ ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಎರಡು ಕುರಿ ಕೈಬಿಡುತ್ತವೆ. ಅಷ್ಟು ಅವನಿಗೆ ತಿಳಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಮೂವತ್ತರ ಕಿವಿಯನ್ನೂ ಕತ್ತರಿಸಿದ. ಎಣ್ಣೆ ಅರಿಸಿನ ಹಚ್ಚಿದ.

“ಪಾಪ, ಮನೆಯ ಕಷ್ಟ ನೋಡಿ ಮಾಡಿದ. ನಮ್ಮ ಲೋಕಪ್ಪನ ಹಾಗೇ” ಎಂದ ಇಂದುಧರ.

“ಮಧ್ಯೆ ಬಾಯಿ ಹಾಕಬೇಡ. ಬೀಜ ಬಿಡಿಸು” ಎಂದರು ಗುರುಗಳು.

ಗಾಯ ಮಾಯ್ದ ಮೇಲೆ ವ್ಯಾಪಾರಿ ಬಂದು ಇಪ್ಪತ್ತೆಂಟು ಕುರಿ ಹೊಡೆದುಕೊಂಡು ಹೋದ. ಸಂತೆಯ ಬಾಗಿಲಲ್ಲಿ ಕಿವಿ ನೋಡಿದರು, ಒಳಗೆ ಬಿಟ್ಟರು. ಮಧ್ಯಾಹ್ನದೊಳಗೆ ಅಷ್ಟೂ ಮಾರಿಹೋದವು. ಆಮೇಲೆ ಆ ವ್ಯಾಪಾರಿ ಆ ಕಡೆ ತಲೆ ಹಾಕಲೇ ಇಲ್ಲ.

ಎರಡು ವಾರ ಕಳೆದು ಕುರಿಗಾಹಿ ತನ್ನ ಪಾಲಿನ ಎರಡು ಕುರಿಗಳನ್ನು ಮಾರೋಣವೆಂದು ಅದೇ ಸಂತೆಗೆ ತಂದ. ಅಲ್ಲಿ ಒಬ್ಬಳು ಹೆಂಗಸು ತಿರುಗುತ್ತಿದ್ದಳು. ಕಾಲು ಬಾತಿದ್ದವು, ಸೆರಗೆಲ್ಲ ದೂಳು. ಎಷ್ಟು ದಿನದಿಂದ ನಡೆಯುತ್ತಿದ್ದಳೋ. ಕಂಡ ಕಂಡ ಮಂದೆಯ ಮುಂದೆ ನಿಂತು, ನಾಲಿಗೆಯಿಂದ ಟರ್ ಟರ್ ಎಂದು ಸದ್ದು ಮಾಡಿ ಕರೆಯುತ್ತಿದ್ದಳು. ಯಾವ ಕುರಿಯೂ ತಿರುಗಿ ನೋಡುತ್ತಿರಲಿಲ್ಲ. ಇವನ ಮುಂದೆ ಬಂದು ಕರೆದಳು. ಎರಡರಲ್ಲಿ ಒಂದು ಹಗ್ಗ ಜಗ್ಗಿಕೊಂಡು ಓಡಿ ಅವಳ ಮಡಿಲಿಗೆ ತಲೆ ತೂರಿಸಿತು.

“ಇದು ನನ್ನದು, ಇದು ನನ್ನದು” ಎಂದು ಹೆಂಗಸು ಅಳತೊಡಗಿದಳು. ಜನ ಸೇರಿತು. ಸಂತೆಯ ಯಜಮಾನರು ಬಂದರು. ಕುರಿಯ ಕಿವಿ ಹಿಡಿದು ನೋಡಿದರು.

“ಏನಮ್ಮಾ, ಹಿಡಿ ಹುಲ್ಲು ತೋರಿಸಿದರೆ ಯಾರ ಕುರಿಯಾದರೂ ಬರುತ್ತದೆ. ಈ ಗುರುತು ಯಾರದು ಗೊತ್ತೇ ನಿನಗೆ?” ಎಂದು ಅವಳನ್ನು ಕೇಳಿ, ಕುರಿಗಾಹಿಯ ಕಡೆ ತಿರುಗಿದರು. “ನಿನ್ನದೇ ತಾನೆ?”

“ನನ್ನದೇ” ಎಂದ ಕುರಿಗಾಹಿ.

ಗುರುತು ಅವನದೇ. ಅದರಲ್ಲಿ ಸುಳ್ಳೇನಿಲ್ಲ.

ಅಷ್ಟು ಸಾಕಾಯಿತು. ಮೂರು ತಲೆಮಾರಿನ ಗುರುತಿನ ಮುಂದೆ ಪರಿಚಯವಿಲ್ಲದ ಹೆಂಗಸಿನ ಮಾತು ಯಾರು ಕೇಳುತ್ತಾರೆ? ಸಂತೆಯಲ್ಲಿ ಕುರಿ ಎಗರಿಸಲು ಬಂದ ಕಳ್ಳಿ ಎಂದರು. ತಪ್ಪುಕಾಣಿಕೆ ಎಂದು ಅವಳ ಕೈಯಲ್ಲಿದ್ದ ಬೆಳ್ಳಿ ಕಡಗ ಬಿಚ್ಚಿಸಿಕೊಂಡರು. ಅವಳು ಜಗಳವಾಡಲಿಲ್ಲ. ಕುರಿಯ ಕಿವಿಯನ್ನು ಎರಡು ಸಲ ಸವರಿದಳು. ಆಮೇಲೆ ಇವನ ಮುಖ ನೋಡಿ ಹೇಳಿದಳು.

“ಅಣ್ಣಾ, ಅದು ಗಬ್ಬವಾಗಿದೆ. ಕಲ್ಲುದಾರಿಯಲ್ಲಿ ಜೋರಾಗಿ ಹೊಡೆಯಬೇಡ.”

ಕುರಿಗಾಹಿ ಕುರಿ ಮಾರಲಿಲ್ಲ. ಎರಡನ್ನೂ ಹೊಡೆದುಕೊಂಡು ಹಟ್ಟಿಗೆ ಮರಳಿದ. ಕಲ್ಲುದಾರಿ ಬಂದಾಗ ಆ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡ. ಮನೆಗೆ ಬಂದವನು ಹೆಂಡತಿಗೆ ಎಲ್ಲವನ್ನೂ ಹೇಳಿ ಹೋ ಎಂದು ಅತ್ತ. ಹೆಂಡತಿ, “ನನ್ನ ಮುಂದೆ ಅತ್ತು ಏನು ಬಂತು? ಹೋಗಿ ಹಟ್ಟಿಯ ಹಿರಿಯರ ಮುಂದೆ ಹೇಳು” ಎಂದಳು. ಮರುದಿನ ಬೆಳಗ್ಗೆ ಹೋಗಿ ಹೇಳಿದ. ಚೂರಿಯನ್ನು ಅವರ ಮುಂದೆ ಇಟ್ಟು ಕೈಮುಗಿದು ನಿಂತ.

ಹಟ್ಟಿಯ ಪಂಚರು ಬೇವಿನ ಮರದ ಕೆಳಗೆ ಕುಳಿತರು. ಅವರಲ್ಲಿ ಹಿರಿಯನಾದವನು ಆಳು ಕಳಿಸಿ, ಸಂತೆಯ ಬಯಲಲ್ಲೇ ಉಳಿದಿದ್ದ ಆ ಹೆಂಗಸನ್ನು ಕರೆಸಿದ. ಅವಳು ಬಂದು ದೂರದಲ್ಲಿ ರೊಪ್ಪದ ಬೇಲಿಯ ಪಕ್ಕ ಕುಳಿತಳು.

ವಾದ ಶುರುವಾಯಿತು. ಕದ್ದವನನ್ನು ಹಟ್ಟಿಯಿಂದ ಹೊರಗೆ ಹಾಕುವುದು ಕಟ್ಟಳೆ, ಇವನನ್ನೂ ಹಾಕಿ ಎಂದರು ಕೆಲವರು. ಇವನು ಒಂದು ಕುರಿಯನ್ನಾದರೂ ಕದ್ದನೇ, ಚೂರಿ ಆಡಿಸಿದ ಅಷ್ಟೆ ಎಂದರು ಕೆಲವರು. ಒಬ್ಬ ಅವನ ತಾತನ ಒಳ್ಳೆಯತನ ನೆನೆದ. ಒಬ್ಬ ರೋಗ ಬಂದು ಸತ್ತ ಕುರಿಗಳ ಮಾತೆತ್ತಿದ. ಹೊರಗೆ ಹಾಕಿದರೆ ಹೆಂಡತಿ ಮಕ್ಕಳ ಗತಿ ಏನು ಎಂದ ಇನ್ನೊಬ್ಬ. ತಾನಾಗಿ ಬಂದು ಒಪ್ಪಿಕೊಂಡನಲ್ಲ ಎಂದ ಮತ್ತೊಬ್ಬ. ಇವತ್ತು ಬಿಟ್ಟರೆ ನಾಳೆ ಯಾರ ಗುರುತನ್ನು ನಂಬುವುದು ಎಂದು ಒಬ್ಬ ಎದ್ದು ನಿಂತು ಕೂಗಾಡಿದ. ಹೊತ್ತು ನೆತ್ತಿಗೆ ಬಂತು. ಯಾರೂ ಸೋಲಲಿಲ್ಲ.

ಕುರಿಗಾಹಿ ಎಲ್ಲರ ಬಾಯಲ್ಲೂ ತನ್ನದೇ ಹೆಸರು ಕೇಳುತ್ತ ನಿಂತಿದ್ದ. ಹಟ್ಟಿಯ ಹೊರಗೆ ಅವನಿಗೆ ಬದುಕೇ ಇರಲಿಲ್ಲ.

ಕೊನೆಗೆ ಹಿರಿಯ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. “ಕೇಳಯ್ಯಾ. ಕುರಿ ಕದ್ದವನು ಆ ವ್ಯಾಪಾರಿ. ಕುರಿ ನನ್ನದು ಎಂದಳಲ್ಲ, ಆ ಮಾತಿಗೆ ಬೆಲೆಯಿಲ್ಲದ ಹಾಗೆ ಮಾಡಿದವನು ನೀನು. ಅವನಿಗಿಂತ ನಿನ್ನದು ಹೆಚ್ಚೋ ಕಡಿಮೆಯೋ ನನಗೆ ಗೊತ್ತಿಲ್ಲ. ಅನುಭವಿಸಿದವಳು ಅವಳು. ಅವಳನ್ನು ಕರೆಯಿರಿ, ಕೇಳೋಣ” ಎಂದ.

ಎಲ್ಲರೂ ತಿರುಗಿ ನೋಡಿದರು. ಬೇಲಿಯ ಪಕ್ಕ ಯಾರೂ ಇರಲಿಲ್ಲ.

ಅವಳನ್ನು ಯಾಕೆ ಕರೆಸಿದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡಸರು ಗುಂಪು ಕೂಡಿ ಕೂಗಾಡುವುದನ್ನು ಕಂಡು, ಇನ್ನೊಂದು ತಪ್ಪುಕಾಣಿಕೆ ಕೇಳುತ್ತಾರೆ ಎಂದುಕೊಂಡಳು. ಕೊಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಎದ್ದು ಹೋಗಿಬಿಟ್ಟಿದ್ದಳು. ನೀರು ತರುತ್ತಿದ್ದ ಒಬ್ಬ ಮುದುಕಿ ನೋಡಿದ್ದಳಂತೆ, ಆದರೆ ಯಾವ ದಾರಿ ಹಿಡಿದಳು ಎಂದು ಮುದುಕಿಗೂ ಗೊತ್ತಿರಲಿಲ್ಲ.

“ಯಾವ ಊರು ಅವಳದು?” ಎಂದ ಹಿರಿಯ. ಯಾರಿಗೂ ಗೊತ್ತಿರಲಿಲ್ಲ. “ಹೆಸರು?” ಅದೂ ಗೊತ್ತಿರಲಿಲ್ಲ. ಬೆಳಗಿನಿಂದ ಅಷ್ಟು ಜನ ಅಷ್ಟು ಮಾತಾಡಿದ್ದರು. ಅವಳಿಗೆ ಒಂದು ಚೊಂಬು ನೀರು ಕೊಟ್ಟವರೂ ಇರಲಿಲ್ಲ.

ಹಿರಿಯನಿಗೆ ನಾಚಿಕೆಯಾಯಿತು. ತಲೆಯ ರುಮಾಲು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡ. ಆಮೇಲೆ ಚೂರಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ತೀರ್ಪು ಹೇಳಿದ. “ಆ ಎರಡು ಕುರಿ ಹೊಡೆದುಕೊಂಡು ಹೊರಡು. ಅವಳು ಎಲ್ಲಿದ್ದರೂ ಹುಡುಕು. ಕುರಿ ಒಪ್ಪಿಸು. ಸಂತೆಗೆ ಕರೆದುಕೊಂಡು ಬಂದು ಅವಳ ಪಕ್ಕದಲ್ಲಿ ನಿಂತು, ಕುರಿ ಇವಳದು, ನನ್ನ ಗುರುತು ಸುಳ್ಳು ಎಂದು ನಿನ್ನ ಬಾಯಿಂದಲೇ ಹೇಳಿ, ಅವಳ ಕಡಗ ಬಿಡಿಸಿಕೊಡು. ಉಳಿದ ಇಪ್ಪತ್ತೆಂಟಕ್ಕೆ ಏನು ಮಾಡಬೇಕು ಎಂದು ಅವಳನ್ನೇ ಕೇಳು, ಅವಳು ಹೇಳಿದ್ದನ್ನು ಮಾಡು. ಅಲ್ಲಿಯವರೆಗೆ ನಿನ್ನ ರೊಪ್ಪದಲ್ಲಿ ಹುಟ್ಟುವ ಒಂದು ಮರಿಗೂ ಗುರುತಿಲ್ಲ.”

ಕುರಿಗಾಹಿ ಕಾಲಿಗೆ ಬಿದ್ದು ಎದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡು, ಎರಡು ಕುರಿಗಳನ್ನು ಮುಂದೆ ಬಿಟ್ಟುಕೊಂಡು ಹಟ್ಟಿಯ ಬಾಯಿಗೆ ಬಂದ. ಅಲ್ಲಿ ದಾರಿ ಮೂರಾಗಿತ್ತು. ಕೂಗಿ ಕರೆಯೋಣವೆಂದರೆ ಅವಳ ಹೆಸರು ಗೊತ್ತಿಲ್ಲ. ಸುಮ್ಮನೆ ಒಂದು ದಾರಿ ಹಿಡಿದು ನಡೆದ.

ಗುರುಗಳು ಇಷ್ಟು ಹೇಳಿ ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. ಇಂದುಧರನ ಕೈ ಬಹಳ ಹೊತ್ತಿನಿಂದ ನಿಂತಿತ್ತು.

“ಅವಳು ಸಿಕ್ಕಳೇ, ಬುದ್ಧಿ?” ಎಂದು ಕೇಳಿದ.

“ಅದು ಹಾಗಿರಲಿ ತಮ್ಮಾ, ಲೋಕಪ್ಪನ ಖಾತೆಯಲ್ಲಿ ಹಾದುಹೋಯಿತಲ್ಲ ದುಡ್ಡು, ಅದನ್ನು ಕಳೆದುಕೊಂಡವರ ಹೆಸರೇನು?” ಎಂದರು ಗುರುಗಳು.

ಆ ಹೆಸರು ಕಡತದಲ್ಲಿ ಎಲ್ಲೋ ಇತ್ತು. ಇಂದುಧರ ಬುಟ್ಟಿ ಪಕ್ಕಕ್ಕಿಟ್ಟು, ಅದನ್ನು ಹುಡುಕಿ ಓದಲು ಎದ್ದ.